ಮೋರಿಕಟ್ಟೆಯ ಮೇಲಿನ ಸೀಸೆ

ಸಾವಿತ್ರಮ್ಮನನ್ನು ಕೊರೊನಾ ಮುಟ್ಟಲೇ ಇಲ್ಲವೆಂದು ನೀವೂ ನಂಬಿಬಿಟ್ಟಿರೇನು? ಶವವನ್ನು ಹೂ ಕಟ್ಟಿದ ಬಿದಿರಿನ ವಿಮಾನದಲ್ಲಿ ಕೂರಿಸಿ ಹಣೆಗೆ ವಿಭೂತಿ ಬಳಿಯುತ್ತಲೇ ಅವಳ ತಮ್ಮ ಬಸವರಾಜಪ್ಪ ಅಂಗಳದ ಜನಕ್ಕೆ ಹೇಳುತ್ತಿದ್ದುದು ಅದನ್ನೇ.

“ಊರೂರೇ ಮಲಗಿದ್ರೂ ನಮ್ಮಕ್ಕಂಗೆ ಒಂದು ಕೆಮ್ಮು ಬರ್ಲಿಲ್ಲ ಕಣ್ರೀ. ಪಂಚನಹಳ್ಳಿ ಕಡೆಯಿಂದ ಒಂದು ನೊಣಾನೂ ಒಳಗೆ ಬಿಡ್ಲಿಲ್ಲ ನಾನು.”

“ನೊಣಕ್ಕೂ ಚೀಟಿ ಕೇಳ್ದೋನಲ್ವಾ ನೀನು,” ಎಂದಳು ನೆರೆಮನೆಯ ಈರಕ್ಕ. “ನಮ್ ಬೀಗರನ್ನ ಊರ ಮುಂದಿನ ಬೇಲಿ ಆಚೆಗೇ ನಿಲ್ಲಿಸಿ ಕಾಫಿ ಕುಡಿಸ್ದೆ.”

ನಾಲ್ಕಾರು ಮಂದಿ ನಕ್ಕರು. ಸಾವಿತ್ರಮ್ಮನ ಮಗಳು ಸುಮನಾ ನಗಲಿಲ್ಲ. ಇಷ್ಟಲಿಂಗವನ್ನಿಡಲು ಅವಳು ತಾಯಿಯ ಎಡ ಅಂಗೈಯನ್ನು ಬಿಡಿಸುತ್ತಿದ್ದಳು. ನಲವತ್ತು ವರ್ಷ ಆ ಅಂಗೈಯ ಲಿಂಗವನ್ನು ಎವೆಯಿಕ್ಕದೆ ನೋಡುತ್ತ ಪೂಜೆಗೆ ಕುಳಿತ ತಾಯಿ, ಕೊನೆಯ ನಾಲ್ಕು ವರ್ಷ ಹೆಬ್ಬೆರಳಿನಿಂದ ಸವರಿಯೇ ಪೂಜೆ ಮುಗಿಸಿದ್ದಳು. ಮೊನ್ನೆ ಬಚ್ಚಲ ಮೆಟ್ಟಿಲು ತಪ್ಪಿ ಬಿದ್ದವಳು ಮತ್ತೆ ಏಳಲಿಲ್ಲ.

*

ಅದು ನಾಲ್ಕು ವರ್ಷದ ಹಿಂದಿನ ಲಾಕ್‌ಡೌನಿನ ಏಪ್ರಿಲ್. ಸಾವಿತ್ರಮ್ಮನಿಗೆ ಗ್ಲಾಕೋಮಾ, ಕಣ್ಣೊಳಗಿನ ಒತ್ತಡವು ನೋವಿನ ಸುಳಿವನ್ನೂ ಕೊಡದೆ ನರವನ್ನು ಕೊಲ್ಲುವ ಕಾಯಿಲೆ. ಬಲಗಣ್ಣು ಮೊದಲೇ ಹೋಗಿತ್ತು. ಎಡಗಣ್ಣನ್ನು ದಿನಕ್ಕೊಂದು ಹನಿ ಮದ್ದು ಕಾಯುತ್ತಿತ್ತು. ಮದ್ದು ಮುಗಿದಾಗ ಸುಮನಾ ಆಸ್ಪತ್ರೆಗೆ ಫೋನು ಮಾಡಿದಳು. “ನೋವಿದೆಯಾ? ಕೆಂಪಾಗಿದೆಯಾ? ಇಲ್ವಾ? ಹಾಗಾದ್ರೆ ಎಲ್ಲಾ ಮುಗಿದ್ಮೇಲೆ ಬನ್ನಿ,” ಎಂದಿತು ಅತ್ತಲಿನ ದನಿ.

ಅಜ್ಜಂಪುರದಲ್ಲಿ ಸಿಕ್ಕ ಒಂದೇ ಒಂದು ಸೀಸೆಯನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟು, ಮೂರು ಕಡೆ ಪೊಲೀಸರಿಗೆ ಕೈಮುಗಿದು, ಅವಳು ಗಂಡನ ಬೈಕಿನಲ್ಲಿ ತವರೂರಿನ ಗಡಿ ಮುಟ್ಟಿದಳು. ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಬೇಲಿ. ಬೇಲಿಯ ಹಿಂದೆ ಕೋಲು ಹಿಡಿದ ಸೋದರಮಾವ ಬಸವರಾಜಪ್ಪ.

“ಮಾವ, ಇದು ಬಿಸಿಲಿಗೆ ಕೆಡ್ತದೆ. ಈರಕ್ಕನ ಮನೆ ಫ್ರಿಜ್ಜಲ್ಲಿ ಇಡ್ಸು.”

“ಇಡ್ಸಾಣ. ಮೊದ್ಲು ಹದಿನಾಲ್ಕು ದಿನ ಮೋರಿಕಟ್ಟೆ ಮೇಲಿರ್ಲಿ. ಮನುಷ್ಯರಿಗೇ ಅಷ್ಟು ದಿನ ಅಂದ್ಮೇಲೆ ಬಾಟ್ಲಿಗೇನು ಬೇರೆ ಕಾನೂನಾ?”

“ಅವ್ವಂಗೆ ಒಂದಿನಾನೂ ತಪ್ಪಂಗಿಲ್ಲ ಮಾವ.”

“ನೋವಿಲ್ಲ ಅಂತ ಅವಳೇ ಅಂತಾಳೆ. ನೋವಿಲ್ದಿದ್ದಕ್ಕೆ ಏನವಸರ ಕಣೇ?”

ಹದಿನಾಲ್ಕು ದಿನ ಸೀಸೆ ಬಿಸಿಲುಂಡಿತು. ಆಮೇಲೆ ಆ ಸತ್ತ ಮದ್ದನ್ನೇ ಸಾವಿತ್ರಮ್ಮ ಸೀಸೆ ಖಾಲಿಯಾಗುವವರೆಗೂ ಒಂದು ದಿನವೂ ತಪ್ಪದೆ ನಿಷ್ಠೆಯಿಂದ ಹಾಕಿಕೊಂಡಳು. ಸೆಪ್ಟೆಂಬರಿನಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು. ಡಾಕ್ಟರು ಅವಳ ಕಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು.

“ದೀಪ ಯಾವಾಗ ಹಿಡೀತೀರಿ ಸ್ವಾಮಿ?” ಎಂದು ಅವಳೇ ಕೇಳಿದಳು.

ಹೋದ ದೃಷ್ಟಿ ಮರಳುವುದಿಲ್ಲವೆಂದ ಡಾಕ್ಟರು ಮತ್ತೊಂದು ಮಾತು ಸೇರಿಸಿದರು: ಇದು ರಕ್ತಸಂಬಂಧದಲ್ಲಿ ಹರಿಯುವ ಕಾಯಿಲೆ, ಒಡಹುಟ್ಟಿದವರನ್ನೂ ತಪ್ಪದೆ ಕರೆತನ್ನಿ. ತನ್ನ ಕಣ್ಣುಗಳನ್ನು ಸುಮನಾ ಅಂದೇ ತೋರಿಸಿಕೊಂಡಳು. ಮಾವನಿಗೆ ಮಾತ್ರ ಹೇಳಲಿಲ್ಲ. ಆ ಮನುಷ್ಯನ ಮುಖ ಕಂಡರೆ ಮೋರಿಕಟ್ಟೆ ಕಾಣುತ್ತಿತ್ತು.

*

ತೆಂಗಿನ ತೋಟದ ಮೂಲೆಯ ಗುಣಿಯಲ್ಲಿ ಸಾವಿತ್ರಮ್ಮನನ್ನು ಕೂರಿಸಿದ್ದಾಯಿತು. ಕ್ರಿಯೆ ಮಾಡಿಸುತ್ತಿದ್ದ ಅಯ್ನೋರು ಬಿಲ್ವಪತ್ರೆಯ ತಟ್ಟೆಯನ್ನು ಬಸವರಾಜಪ್ಪನ ಎಡಮಗ್ಗುಲಿಗೆ ನೀಡಿದರು.

“ಪತ್ರೆ ಎಲ್ಲಿ ಅಯ್ನೋರೇ?” ಅವನು ನೆಟ್ಟಗೆ ಎದುರಿಗೇ ನೋಡುತ್ತ ಕೇಳಿದ. ತಟ್ಟೆ ಅವನ ಮೊಣಕೈಗೆ ತಗಲುವಷ್ಟು ಹತ್ತಿರವಿತ್ತು.

“ಪಾಪ, ಕಣ್ಣೀರಲ್ಲಿ ಕಾಣ್ತಿಲ್ಲ,” ಎಂದಳು ಈರಕ್ಕ.

ಅವನ ಕಣ್ಣಲ್ಲಿ ನೀರಿರಲಿಲ್ಲ. ಅವನು ಕತ್ತನ್ನು ಪೂರ್ತಿ ಹೊರಳಿಸಿ, ತಟ್ಟೆಯನ್ನು ಎದುರಿಗೆ ತಂದುಕೊಂಡ ಮೇಲೆಯೇ ಪತ್ರೆ ಎತ್ತಿಕೊಂಡ. ಅವ್ವನೂ ಮೊದಮೊದಲು ಅನ್ನದ ತಟ್ಟೆಗೆ ಹೀಗೆಯೇ ಕತ್ತು ಹೊರಳಿಸುತ್ತಿದ್ದಳು. ಸುಮನಾ ಒಂದು ಹೆಜ್ಜೆ ಮುಂದೆ ಬಂದಳು. ಅವನು ಸೀಸೆಯನ್ನು ಹದಿನಾಲ್ಕು ದಿನ ತಡೆದಿದ್ದ. ಅವಳು ಒಂದು ಮಾತನ್ನು ನಾಲ್ಕು ವರ್ಷ ತಡೆದಿದ್ದಳು.

ಬಸವರಾಜಪ್ಪನ ಎಡಗಾಲು ಗುಣಿಯ ಅಂಚಿನ ಸಡಿಲ ಮಣ್ಣನ್ನು ತುಳಿಯಿತು. ಸುಮನಾ ನುಗ್ಗಿ ಅವನ ತೋಳನ್ನು ಹಿಡಿದಳು.

“ಮಾವ, ಕಣ್ಣು ಯಾರಿಗಾದ್ರೂ ತೋರ್ಸಿದ್ಯಾ?”

“ಯಾಕವ್ವಾ? ನೋವೇನಿಲ್ವಲ್ಲ.”

ಹಿಡಿ ಮಣ್ಣು ಕುಸಿದು ಸಾವಿತ್ರಮ್ಮನ ಮಡಿಲಿಗೆ ಬಿತ್ತು. ನಿಮ್ಮ ಮನೆಯಲ್ಲೂ ಪಕ್ಕದ ತಟ್ಟೆಗಾಗಿ ಕತ್ತನ್ನು ಪೂರ್ತಿ ಹೊರಳಿಸುವವರು ಒಬ್ಬರಿದ್ದರೆ, ನೋವಿದೆಯೇ ಎಂದು ಕೇಳುತ್ತ ನಿಲ್ಲಬೇಡಿ. ತೋಳು ಹಿಡಿಯಿರಿ, ನಾಳೆಯ ಮೊದಲ ಬಸ್ಸಿಗೇ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ಯಿರಿ.