ಹನ್ನೆರಡು ಮೈಲಿ ಅಳಿಸಿದ ಅಣ್ಣ

ಅವನ ಜೊತೆ ನಡೆಯಲು ಹೊರಟವರು ಮೊದಲ ಅರ್ಧ ಗಂಟೆಯಲ್ಲೇ ಬೇಸತ್ತುಹೋಗುತ್ತಿದ್ದರು. ಹತ್ತು ಹೆಜ್ಜೆ ಮುಂದಿಡುವನು, ನಿಲ್ಲುವನು, ಭಾರದ ಬಾಗಿಲು ತಿರುಗಿದಂತೆ ಇಡೀ ಮೈಯನ್ನು ಹಿಂದಕ್ಕೆ ತಿರುಗಿಸಿ, ತಾನು ಆಗಷ್ಟೇ ಬಂದ ದಾರಿಯನ್ನು ಅಪರಿಚಿತನೊಬ್ಬನನ್ನು ದಿಟ್ಟಿಸುವ ಹಾಗೆ ದಿಟ್ಟಿಸಿ, ಮತ್ತೆ ಹತ್ತು ಹೆಜ್ಜೆ ಇಡುವನು. ಬೆನ್ನಿಗೇ ಬರುತ್ತಿದ್ದವರು ಅವನ ಎದೆಗೆ ಢಿಕ್ಕಿ ಹೊಡೆಯುವುದು, ಅವನು ಅವರನ್ನು ಪಕ್ಕಕ್ಕೆ ಸರಿಸಿ "ಅಡ್ಡ ನಿಲ್ಲಬೇಡಿ, ದಾರಿ ಕಾಣಿಸ್ತಿಲ್ಲ" ಅನ್ನುವುದು ದಿನಕ್ಕೆ ನೂರು ಸಲ. ಹೋಗುವಾಗ ಕಂಡ ದಾರಿ ಬರುವಾಗ ಬೇರೆಯೇ ಮುಖ ತೋರಿಸುತ್ತದೆ, ಎರಡೂ ಮುಖದ ಪರಿಚಯವಿಲ್ಲದವನು ದಾರಿಗೆ ಗುರುತು ಹಾಕಬಾರದು ಎಂಬುದು ಅವನ ವಾದ. ವಾದ ಸರಿಯೇ ಇರಬಹುದು. ಆದರೆ ಅದನ್ನು ಹದಿನಾಲ್ಕು ವರ್ಷದಿಂದ ಕೇಳಿಸಿಕೊಂಡು ಬಂದಿದ್ದ ತಂಗಿಗೆ ಅದರಿಂದ ಎಳ್ಳಷ್ಟೂ ಸಮಾಧಾನವಾಗುತ್ತಿರಲಿಲ್ಲ.

ಅವನು ಭೂಮಾಪಕನಾಗಿದ್ದು ನಿವೃತ್ತನಾದವನು. ಮೋಟಾರು ಹುಟ್ಟುವ ಮೊದಲು ಅಂಚೆಯ ಚೀಲ ಹೊತ್ತ ಓಟಗಾರರು ಕೋಟೆಯಿಂದ ಕೋಟೆಗೆ ಓಡಿದ ಇನ್ನೂರ ಅರವತ್ತು ಮೈಲಿಯ ಬೆಟ್ಟದ ದಾರಿಯೊಂದಿತ್ತು. ಅದನ್ನು ಮತ್ತೆ ಹುಡುಕಿ, ಮರಕ್ಕೆ ಬಂಡೆಗೆ ಹಳದಿ ಗುರುತು ಬಳಿದು, ಚಾರಣಿಗರಿಗೆ ತೆರೆಯಬೇಕೆಂದು ಕಟ್ಟಿದ ಸಂಘಕ್ಕೆ ಹಲ್ಲಿನ ಡಾಕ್ಟರರೊಬ್ಬರು ಅಧ್ಯಕ್ಷರು, ತಂಗಿ ಕಾರ್ಯದರ್ಶಿ, ಅಣ್ಣ ದಾರಿ ಹುಡುಕುವವನು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ಕಚೇರಿ. ಅಲ್ಲಿನ ಮೂರು ಕುರ್ಚಿಗಳಿಗೂ ಅವನ ಕೋಟಿನ ಬಣ್ಣ ಮೆತ್ತಿತ್ತು. ಆ ಕೋಟಿಗೆ ಹನ್ನೊಂದು ಜೇಬು. ಬಣ್ಣದ ಡಬ್ಬಿ, ಕುಂಚ, ಸೀಮೆಸುಣ್ಣ, ದಾರದುಂಡೆ, ಅರ್ಧ ತಿಂದ ಬ್ರೆಡ್ಡು, ಎಲ್ಲವೂ ಅದರೊಳಗೆ ಟರ್ಪೆಂಟೈನಿನ ಒಂದೇ ವಾಸನೆಯಲ್ಲಿ ಸಂಸಾರ ಹೂಡಿದ್ದವು. ಅತ್ತಿಗೆ ಆ ಕೋಟನ್ನು ಹೊಸ್ತಿಲು ದಾಟಿಸದೆ ಹೊರಗಿನ ಮೊಳೆಗೆ ನೇತುಹಾಕಿಸುತ್ತಿದ್ದಳು. "ಇಬ್ಬರಲ್ಲಿ ಒಬ್ಬರನ್ನ ಒಳಗೆ ಬಿಟ್ಟಿದೀನಲ್ಲ, ಅದೇ ಹೆಚ್ಚು" ಎನ್ನುತ್ತಿದ್ದಳು.

ಮಾತೂ ಹಾಗೆಯೇ. ಎಂಥ ಮಾತಿಗಾದರೂ ಅವನ ಉತ್ತರ "ಹಾಗಲ್ಲ" ಎಂದೇ ಆರಂಭವಾಗಬೇಕು, ಒಪ್ಪಿಗೆಯಿದ್ದರೂ ಸಹ. ಮಂಡಿ ನೋಡಿದ ವೈದ್ಯರು ನಿಮ್ಮ ಮಂಡಿ ಸವೆದಿದೆ ಎಂದರೆ, "ಹಾಗಲ್ಲ, ಎಡಗಡೇದು ಸವೆದಿದೆ" ಎಂದು ಅವರನ್ನೇ ತಿದ್ದಿ ಬಂದಿದ್ದ.

ಇಷ್ಟನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ನಡೆದದ್ದು ದಾರಿಯ ಕೊನೆಯ ಭಾಗ ತೆರೆಯಲು ಹತ್ತು ದಿನ ಉಳಿದಿದ್ದಾಗ. ಆ ಭಾಗದ ಕಿರೀಟವೆಂದರೆ ಬೆಟ್ಟದ ನೆತ್ತಿಗೆ ಏರುವ ಮುನ್ನೂರು ಕಲ್ಲಿನ ಮೆಟ್ಟಿಲು. ಯಾವನೋ ದೊರೆ ಕಡಿಸಿದ್ದು. ಅದರ ಚಿತ್ರ ಹೊತ್ತ ಕೈಪಿಡಿ ಎರಡು ಸಾವಿರ ಪ್ರತಿ ಅಚ್ಚಾಗಿ ಕಚೇರಿಯ ಗೋಡೆಯುದ್ದಕ್ಕೂ ಪೇರಿಸಿಟ್ಟಿತ್ತು. ಅರಣ್ಯದ ಅಧಿಕಾರಿಗಳ ಅನುಮತಿಗಾಗಿ ತಂಗಿ ಎರಡು ವರ್ಷ ಮೆಟ್ಟಿಲು ಹತ್ತಿ ಇಳಿದಿದ್ದಳು, ಅವು ಬೇರೆ ಬಗೆಯ ಮೆಟ್ಟಿಲು. ಅಂಥ ಹೊತ್ತಿನಲ್ಲಿ ಅಣ್ಣ ಒಂದು ವಾರ ಕಾಣೆಯಾದ. ಬಂದವನು ಬಣ್ಣದ ಬದಲು ತಂತಿಯ ಬ್ರಷ್ಷು ಹಿಡಿದು ಬಂದ.

"ಅಳಿಸಿದೆ" ಎಂದ.

"ಏನನ್ನ?"

"ಮೆಟ್ಟಿಲಿಂದ ಆಚೆ ಹನ್ನೆರಡು ಮೈಲಿ. ಗುರುತು ಪೂರ್ತಿ ಉಜ್ಜಿ ತೆಗೆದೆ. ಅದು ದಾರಿಯಲ್ಲ."

ತಂಗಿ ಕೈಯಲ್ಲಿದ್ದ ಆಹ್ವಾನಪತ್ರಗಳ ಕಟ್ಟನ್ನು ಮೇಜಿನ ಮೇಲೆ ಇಡಲಿಲ್ಲ, ಕುಕ್ಕಿದಳು. "ನಿನಗೇನು ತಲೆ ಕೆಟ್ಟಿದೆಯಾ? ನೀನೇ ಹಾಕಿದ ಗುರುತು! ನೀನೇ ಸಹಿ ಮಾಡಿದ ನಕ್ಷೆ!"

"ಹಾಗಲ್ಲ. ನಾನೇ ಹಾಕಿದ್ದು ಅಂತಲೇ ನಾನೇ ಅಳಿಸಿದ್ದು."

ಅಧ್ಯಕ್ಷರು ಕುರ್ಚಿಗೆ ಅಂಟಿದ್ದ ಬಣ್ಣದಿಂದ ತಮ್ಮ ಪ್ಯಾಂಟನ್ನು ಬಿಡಿಸಿಕೊಳ್ಳುತ್ತ, ಇಂಥ ಮನುಷ್ಯನಿಗೆ ಅರಿವಳಿಕೆ ಕೊಡದೆ ಹಲ್ಲು ಕೀಳಬೇಕು ಎಂದು ತಂಗಿಯ ಕಿವಿಯಲ್ಲಿ ಹೇಳಿದರು. ಮಾರನೆಯ ಬೆಳಗ್ಗೆ ಅವನನ್ನು ಕರೆದುಕೊಂಡು, ಅಂದರೆ ಅವನನ್ನು ಬೈಯುತ್ತ, ಅವಳೇ ಬೆಟ್ಟ ಹತ್ತಿದಳು. ಅರವತ್ತೊಂದು ವಯಸ್ಸು, ಸುಡುಬಿಸಿಲು, ಮುಂದೆ ಹತ್ತು ಹೆಜ್ಜೆಗೊಮ್ಮೆ ತಿರುಗುವ ಅಣ್ಣ. ಮೆಟ್ಟಿಲಿನ ಬುಡ ಮುಟ್ಟುವಾಗ ಮಧ್ಯಾಹ್ನ. ಬೈಗುಳ ಇನ್ನೂ ಮುಗಿದಿರಲಿಲ್ಲ, ಬಾಟಲಿಯ ನೀರು ಮುಗಿದಿತ್ತು.

"ಕೂತ್ಕೋ" ಎಂದ ಅವನು. "ಮೆಟ್ಟಿಲಿನ ಅಂಚು ಮುಟ್ಟಿ ನೋಡು."

ಮುಟ್ಟಿದಳು. ಅಂಚು ಉಳಿಯ ಏಟು ನಿನ್ನೆ ಬಿದ್ದಂತೆ ಚೂಪಾಗಿತ್ತು. ಎರಡನೆಯದು, ಮೂರನೆಯದು, ಹತ್ತನೆಯದು, ಎಲ್ಲವೂ ಹಾಗೆಯೇ. ಯಾವ ಕಲ್ಲಿನ ನಡುವೆಯೂ ಪಾದ ಸವೆಸಿದ ಗುಳಿಯಿರಲಿಲ್ಲ.

"ನೂರಾರು ವರ್ಷ ಓಟಗಾರರು ಓಡಿದ ದಾರಿ ಅಂತೀವಿ. ಓಡಿದ್ರೆ ಕಲ್ಲು ಹೀಗಿರುತ್ತಾ? ದೊರೆ ಕಡಿಸಿದ, ಒಂದು ಸಲ ಪಲ್ಲಕ್ಕಿಯಲ್ಲಿ ಹೋಗಿರ್ತಾನೆ. ಇದನ್ನ ಹತ್ತಿ ಆಚೆ ಎಂಟು ಗಂಟೆ ನಡೆದ್ರೂ ಒಂದು ಹನಿ ನೀರಿಲ್ಲ. ಚೀಲ ಹೊತ್ತವನು ಇಲ್ಲಿ ಯಾಕೆ ಸಾಯೋಕೆ ಬರ್ತಾನೆ?"

ಮೆಟ್ಟಿಲಿಂದ ಇನ್ನೂರು ಗಜ ಕೆಳಗೆ, ಮುಳ್ಳಿನ ಪೊದೆಯನ್ನು ಕೋಟಿನ ತೋಳಿನಿಂದ ಸರಿಸಿ, ಅವನು ಒಂದು ಬೋಳು ಬಂಡೆ ತೋರಿಸಿದ. ನೋಡಲು ಏನೂ ಇಲ್ಲ. ಆದರೆ ಬಿಸಿಲು ಓರೆಯಾಗಿ ಬಿದ್ದ ಕಡೆ ಬಂಡೆಯ ಉದ್ದಕ್ಕೂ ಒಂದು ಅಡಿ ಅಗಲದ ತಗ್ಗು, ಸಾಣೆ ಹಿಡಿದಷ್ಟು ನುಣುಪು, ಒಂದರ ಹಿಂದೆ ಒಂದು ಹೆಜ್ಜೆ ಬಿದ್ದು ಬಿದ್ದು ಆದದ್ದು. ಅವಳು ಚಪ್ಪಲಿ ಕಳಚಿ ಕಾಲಿಟ್ಟಳು. ಪಾದ ತನ್ನ ಜಾಗ ತಾನೇ ಹುಡುಕಿಕೊಂಡಿತು. ಹತ್ತು ನಿಮಿಷ ಇಳಿದರೆ ಬಂಡೆಯ ಬಿರುಕಿನಲ್ಲಿ ಬೊಗಸೆಯಷ್ಟು ನೀರು, ತಣ್ಣಗೆ, ಅಕ್ಕಪಕ್ಕ ಚೀಲ ಇಳಿಸಲು ಎದೆಯೆತ್ತರದ ಎರಡು ಕಲ್ಲು. ಅವಳು ಕುಡಿದಳು. ಕುಡಿದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಬೈಯಲು ಗಂಟಲು ಒದ್ದೆಯಾಯಿತು, ಬೈಯಲು ಕಾರಣ ಒಣಗಿಹೋಯಿತು.

"ಮೂರು ವರ್ಷದ ಹಿಂದೆ ಗುರುತು ಹಾಕುವಾಗಲೇ ಇದನ್ನ ಯಾಕೆ ನೋಡಲಿಲ್ಲ?" ಎಂದಳು.

ಅವನು ಆ ಒಂದು ಸಲ "ಹಾಗಲ್ಲ" ಎನ್ನಲಿಲ್ಲ. "ಮೆಟ್ಟಿಲು ಚೆನ್ನಾಗಿತ್ತು. ಮರುಳಾದೆ" ಎಂದು ನೆಲ ನೋಡಿದ.

ಅತಿಥಿಗಳಿಗೆಲ್ಲ ಕ್ಷಮೆ ಕೇಳುವ ಪತ್ರ ಬರೆದವಳು ತಂಗಿ. ಎರಡು ಸಾವಿರ ಕೈಪಿಡಿಗಳ ರಟ್ಟು ಹರಿದವಳು ತಂಗಿ. ಬಂಡೆಯ ಮೇಲಿನ ಹೊಸ ದಾರಿಗೆ ಅನುಮತಿ ಬೇಡಿ ಅದೇ ಅಧಿಕಾರಿಗಳ ಅದೇ ಬೆಂಚಿನ ಮೇಲೆ ಎಂಟು ತಿಂಗಳು ಕೂತವಳೂ ಅವಳೇ. ಅಣ್ಣ ಆ ಎಂಟು ತಿಂಗಳೂ ಆರಾಮವಾಗಿ ಬಂಡೆಯಿಂದ ಬಂಡೆಗೆ ಬಣ್ಣ ಬಳಿಯುತ್ತಿದ್ದ. ದಾರಿ ತೆರೆಯಿತು. ಹೊಸ ಕೈಪಿಡಿಯ ಮುಖಪುಟದ ಬೋಳು ಬಂಡೆಯನ್ನು ಚೆಂದವೆಂದವರು ಯಾರೂ ಇಲ್ಲ. ಬಂದವರೆಲ್ಲ ಪಕ್ಕಕ್ಕೆ ಹೊರಳಿ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಬಾಯಾರಿದ ಮೇಲೆ ಹಳದಿ ಗುರುತಿಗೆ ಮರಳುತ್ತಾರೆ.

ದಾರಿಯ ಕೊನೆಯ ತಂಗುದಾಣದಲ್ಲಿ ಅಭಿಪ್ರಾಯ ಬರೆಯುವ ದಪ್ಪ ಪುಸ್ತಕವಿದೆ. ನಡೆದವರು ಅದರಲ್ಲಿ ಸೂರ್ಯಾಸ್ತ, ಜಿಗಣೆ, ಬೊಬ್ಬೆಯೆದ್ದ ಹಿಮ್ಮಡಿ ಎಲ್ಲದರ ಬಗ್ಗೆ ಬರೆದಿದ್ದಾರೆ. ಗುರುತಿನ ಬಗ್ಗೆ ಒಂದು ಸಾಲಿಲ್ಲ. ತಂಗಿ ಅದನ್ನು ಓದಿ ಅಣ್ಣನ ಪರವಾಗಿ ಕುದಿದರೆ, ಮಂಡಿಗೆ ಪಟ್ಟಿ ಬಿಗಿದು ಕೂತ ಅವನು, "ಹಾಗಲ್ಲ, ಗುರುತಿನ ಬಗ್ಗೆ ಬರೆಯೋನು ದಾರಿ ತಪ್ಪಿದೋನು. ಯಾರೂ ಬರೆದಿಲ್ಲ ತಾನೇ?" ಎಂದು ತೃಪ್ತಿಯಿಂದ ಕೇಳುತ್ತಾನೆ. ಆಗ ಅವಳಿಗೆ ಆ ದಪ್ಪ ಪುಸ್ತಕವನ್ನು ಅವನ ತಲೆಗೇ ಕುಕ್ಕಬೇಕೆನಿಸುತ್ತದೆ.

ಇಂಥವರು ಎಲ್ಲ ಕಾಲದಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರು ತಪ್ಪಾಗಿದ್ದರೆ ಒಮ್ಮೆ ಬೈದು ಮರೆಯಬಹುದಿತ್ತು; ಸರಿಯಾಗಿರುವುದೇ ಅವರಿಂದ ಆಗುವ ದೊಡ್ಡ ಉಪದ್ರವ. ಅವರು ತೋರಿದ ನೆಲದ ಮೇಲೆ ನಿಶ್ಚಿಂತೆಯಿಂದ ನಡೆದುಹೋಗುವ ಲೋಕಕ್ಕೆ ಅವರ ಇರವೇ ತಿಳಿಯದು. ಹೀಗಾಗಿ ಅವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ದಾರಿಹೋಕರು ಕೊಡದೆ ಒಯ್ದುಬಿಡುತ್ತಾರೆ. ಸಲ್ಲಬೇಕಾದ ಬೈಗುಳವಷ್ಟೇ ಮನೆಯವರ ಪಾಲಿಗೆ ಉಳಿಯುತ್ತದೆ, ಮನೆಯವರು ಅದನ್ನು ಒಂದು ದಿನವೂ ತಪ್ಪಿಸದೆ ಸಲ್ಲಿಸುತ್ತಾರೆ.