ಕೊಳವೆಯಿಲ್ಲದ ಡ್ರೈಯರ್

ಡ್ರೈಯರಿನ ಬಾಯಿಂದ ಅಂಗಿ ಹೊರಬಂದಾಗಲೆಲ್ಲ ಸ್ತೋಯ್ನಾ ಉಸಿರು ಬಿಗಿಹಿಡಿಯುತ್ತಿದ್ದಳು. ಬಣ್ಣ ಹಿಡಿಯಲೆಂದು ಅಂಗಿಗೆ ಬಳಿದ ಮದ್ದು ಕಾವಿಗೆ ಹುಳಿ ಹಬೆಯಾಗಿ ಎದ್ದು ಗಂಟಲು ಕೆರೆಯುತ್ತಿತ್ತು. ಮನೆಗೆ ಹೋಗಿ ಉಣ್ಣುವ ಅವರೆ ಸಾರಿನಲ್ಲೂ ಅದೇ ವಾಸನೆ ಬಂದಂತಾಗುತ್ತಿತ್ತು. ಅವಳಿಗೆ ವಿಪರೀತ ಭಯ. ಹೊಟ್ಟೆಯಲ್ಲಿ ಕೂಸಿತ್ತು, ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಏನು ಹೋಗುತ್ತದೋ.

ಹಿಮ ಬೀಳುವ ಶ್ತಿಪ್ ಊರಿನ ಆ ಶೆಡ್ಡಿನಲ್ಲಿ ಹೆಂಗಸರು ಹೊಲಿದ ಅಂಗಿಗಳ ಮೇಲೆ ಡಿಜಿಟಲ್ ಯಂತ್ರ ಚಿತ್ರ ಅಚ್ಚು ಹಾಕುತ್ತಿತ್ತು. ಡ್ರೈಯರಿನ ಕಾವಿಗೆ ಬಣ್ಣ ಬೇಯದಿದ್ದರೆ ಮೊದಲ ಒಗೆತಕ್ಕೇ ಬಿಟ್ಟುಹೋಗುತ್ತದೆ. ಹಳೇ ಡ್ರೈಯರ್ ಕೆಟ್ಟಿತ್ತು. ಮಾಲೀಕ ಟ್ರಾಯ್ಚೆಗೆ ವ್ಯಾಪಾರಿ ಎರಡು ತೋರಿಸಿದ್ದ. ಒಂದು ಉದ್ದನೆಯದು, ಹಬೆಯನ್ನು ಕೊಳವೆಯಿಂದ ಚಾವಣಿಯಾಚೆ ಕಳಿಸುವಂಥದ್ದು. ಇನ್ನೊಂದು ಅಗ್ಗದ ಗಿಡ್ಡ. ಕೊಳವೆಯಿಲ್ಲ, ಹಬೆಯೆಲ್ಲ ಹೆಂಗಸರ ಮೂಗಿಗೆ. ಗಿಡ್ಡದ್ದನ್ನೇ ಪರೀಕ್ಷೆಯೆಂದು ವಾರದಿಂದ ಓಡಿಸುತ್ತಿದ್ದ.

ಕಿಟಕಿ ತೆಗೆಯೋಣವೆಂದರೆ ಹಿರಿಯ ಹೊಲಿಗೆಯವಳು ವೆಲಿಕಾ ಬಿಡುತ್ತಿರಲಿಲ್ಲ. ಎದುರುಬದುರು ಕಿಟಕಿ ತೆರೆದರೆ ನಡುವೆ ನುಗ್ಗುವ ಗಾಳಿ ಮನುಷ್ಯರನ್ನು ಕೊಲ್ಲುತ್ತದೆಂದು ಅಲ್ಲಿನವರೆಲ್ಲ ನಂಬುತ್ತಾರೆ. ವೆಲಿಕಾ ಬೇಸಿಗೆಯಲ್ಲೂ ಸೊಂಟಕ್ಕೆ ಉಣ್ಣೆಪಟ್ಟಿ ಸುತ್ತುವವಳು.

"ಮುಚ್ಚೇ, ಗಾಳಿ ಹೊಡೀತದೆ! ನಮ್ಮತ್ತೆ ಹೋಗಿದ್ದೇ ಅದ್ರಿಂದ."

"ನಿಮ್ಮತ್ತೆ ತೊಂಬತ್ತು ವರ್ಷ ಬದುಕಿದ್ರಲ್ಲಕ್ಕಾ?" ಎಂದಳು ಸ್ತೋಯ್ನಾ.

"ಗಾಳಿ ಹೊಡೀದಿದ್ರೆ ಇನ್ನೂ ಇರ್ತಿದ್ರು!"

ಕಿಟಕಿ ಮುಚ್ಚಿರುವುದೇ ಟ್ರಾಯ್ಚೆಗೂ ಬೇಕಾಗಿತ್ತು. ಅಚ್ಚುಯಂತ್ರದೊಳಗಿನ ಬಣ್ಣ ಒಣಗಿ ಕಟ್ಟಿಕೊಳ್ಳಬಾರದೆಂದು ಪಕ್ಕದಲ್ಲಿ ತೇವ ಚಿಮ್ಮುವ ಪೆಟ್ಟಿಗೆ ಇಟ್ಟಿದ್ದ. ಹಿಮಕ್ಕೆ ನೆನೆಯಬಾರದೆಂದು ತನ್ನ ಕಾರನ್ನೂ ಶೆಡ್ಡಿನೊಳಗೇ ನಿಲ್ಲಿಸುತ್ತಿದ್ದ. ಉಪಚಾರವಿಲ್ಲದ್ದು ಹೆಂಗಸರಿಗೆ ಮಾತ್ರ.

ಶುಕ್ರವಾರ ಎಲ್ಲರನ್ನೂ ಕರೆದ. ದನಿ ಬೆಣ್ಣೆಯಂತಿತ್ತು.

"ಡ್ರೈಯರ್ ನೀವೇ ಆರಿಸ್ರಮ್ಮ. ಉದ್ದಂದು ಬೇಕಾ? ತರ್ತೀನಿ. ಆದ್ರೆ ಜಾಗ ಬೇಕಲ್ಲ, ನಾಲ್ಕು ಹೊಲಿಗೆ ಮೇಜು ತೆಗೀಬೇಕು. ಯಾವ ನಾಲ್ವರು ಮನೆಗೆ ಹೋಗ್ತೀರಾ, ಅದನ್ನೂ ನೀವೇ ಹೇಳ್ಬಿಡಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಾರದೆ ನೆಲ ನೋಡಿದರು. ಎಂಥ ನೀಚ ಬುದ್ಧಿ! ಕತ್ತು ಕೊಯ್ಯುವ ಚೂರಿಯನ್ನೂ ಅವರ ಕೈಗೇ ಕೊಟ್ಟಿದ್ದ.

"ಹಾಗಾದ್ರೆ ಗಿಡ್ಡದ್ದೇ ಇರ್ಲಿ," ಎಂದು ಗುಂಡಿ ಒತ್ತಿದ.

ಸ್ತೋಯ್ನಾ ಡ್ರೈಯರಿನ ಬಾಯಿ ಬಳಿಯ ತನ್ನ ಜಾಗಕ್ಕೆ ಹೋಗಿ ನಿಂತಳು. ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲಿಟ್ಟಿತು. ಕುಸಿಯುವಾಗ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಓಡಿ ಬಂದ ವೆಲಿಕಾ ಆ ಕೈ ನೋಡಿದಳು.

"ಎಷ್ಟು ತಿಂಗ್ಳೇ?"

ಸ್ತೋಯ್ನಾ ಮಾಲೀಕನತ್ತ ನೋಡಿ ಹೊಟ್ಟೆಯಿಂದ ಕೈ ತೆಗೆದಳು. "ಏನಿಲ್ಲಕ್ಕಾ... ಏನೂ ಇಲ್ಲ."

ವೆಲಿಕಾ ತನ್ನ ಉಣ್ಣೆಪಟ್ಟಿ ಬಿಚ್ಚಿ ಅವಳಿಗೆ ಸುತ್ತಿದಳು. ಈಚೆ ಕಿಟಕಿಯನ್ನು ದಡಾರನೆ ತೆಗೆದಳು. ಎದುರಿನ ಕಿಟಕಿಯ ಬಳಿ ಹೋಗಿ, ಪಟ್ಟಿಯಿಲ್ಲದ ತನ್ನ ಸೊಂಟವನ್ನೊಮ್ಮೆ ಮುಟ್ಟಿಕೊಂಡಳು. ಅದನ್ನೂ ತೆಗೆದಳು. ಜನವರಿಯ ಗಾಳಿ ಶೆಡ್ಡಿನೊಳಗೆ ನುಗ್ಗಿತು.

"ಏಯ್ ಮುದುಕಿ! ಯಂತ್ರ ಒಣಗ್ತದೆ! ನಿಂಗೂ ಗಾಳಿ ಹೊಡೀತದೆ!"

"ಹೊಡೀಲಿ. ಉದ್ದಂದೇ ತರ್ಸು. ಜಾಗ ಬೇಕಾದ್ರೆ ನಿನ್ ಕಾರು ಬೀದೀಲಿ ನಿಲ್ಸು, ಅದಕ್ಕೇನ್ ನೆಗಡಿ ಆಗಲ್ಲ!"

ಯಾರೋ ಕಿಸಕ್ಕನೆ ನಕ್ಕರು. ಟ್ರಾಯ್ಚೆ ಕಿಟಕಿಯತ್ತ ನುಗ್ಗಿದ. ಅಷ್ಟರಲ್ಲಿ ಕುರ್ಚಿಗಳು ಸರಿದವು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಹುಟ್ಟಿದಾಗಿನಿಂದ ಹೆದರಿದ್ದ ಗಾಳಿ ನೇರ ಬೆನ್ನಿಗೇ ಬಡಿಯುತ್ತಿತ್ತು. ಎಲ್ಲರಿಗೂ ಭಯವಾಗಿತ್ತು, ಯಾರೂ ಕದಲಲಿಲ್ಲ.

ಸ್ತೋಯ್ನಾ ಗೋಡೆ ಹಿಡಿದು ಎದ್ದಳು. ಅವರ ನಡುವೆ ಬಂದು ನಿಂತಳು.

"ನಾಲ್ಕು ತಿಂಗ್ಳು," ಎಂದಳು, ಮಾಲೀಕನಿಗೆ ಕೇಳುವಂತೆ.