ಕೊಟ್ಟಷ್ಟು ಕೊಡಿ

ನಾನು ಒಂದು ಹುಲ್ಲು ಹೊಡೆಯುವ ಯಂತ್ರ. ಟ್ರ್ಯಾಕ್ಟರಿನ ಹಿಂದೆ ನನ್ನನ್ನು ಕಟ್ಟಿದರೆ ಹೊಟ್ಟೆಯೊಳಗಿನ ಎರಡು ಬ್ಲೇಡುಗಳು ಗಿರ್ರನೆ ತಿರುಗಿ, ಸೊಂಟದೆತ್ತರದ ಹುಲ್ಲನ್ನೂ ನೆಲಕ್ಕೆ ಮಲಗಿಸುತ್ತವೆ. ನಾನು ಹುಟ್ಟಿದ್ದು ಮದ್ದೂರಿನ ಹತ್ತಿರ, ರಸ್ತೆ ಬದಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ನನ್ನನ್ನು ಬೆಸೆದವನು ಕಿತ್ತಳೆ ಬಣ್ಣ ಬಳಿದು, ಅದು ಆರುವ ಮೊದಲೇ ಮಾರಿಬಿಟ್ಟ. ಅವನ ಹೆಬ್ಬೆರಳಿನ ಗುರುತು ನನ್ನ ಬೆನ್ನ ಮೇಲೆ ಈಗಲೂ ಇದೆ. ನೆಲಕ್ಕೆ ಅಂಟಿಕೊಂಡೇ ಬದುಕಿದ ನಾನು ಜನರನ್ನು ಮೊದಲು ಗುರುತಿಸುವುದು ಕಾಲಿನಿಂದ.

ಮೊದಲ ಯಜಮಾನರದು ಬಿಳಿ ಬೂಟಿನ ಕಾಲು. ತೆಂಗಿನ ತೋಟಕ್ಕೆಂದು ಕೊಂಡವರು ನನ್ನನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿ ಮರೆತೇಬಿಟ್ಟರು. ನನ್ನ ಹೊಟ್ಟೆಯ ಕೆಳಗೆ ಒಂದು ಕೋಳಿ ಸಂಸಾರ ಹೂಡಿತು. ಅದು ಮೊಟ್ಟೆಯಿಟ್ಟು ಊರಿಗೆಲ್ಲ ಸಾರುವಾಗ ನನಗೆ ನಾಚಿಕೆಯಾಗುತ್ತಿತ್ತು. ಅದಾದರೂ ಒಂದು ಕೆಲಸ ಮಾಡಿತ್ತಲ್ಲ!

ಅಲ್ಲಿಂದ ನನ್ನನ್ನು ಕೊಂಡು ತಂದವನು ಕೆಂಪರಾಜ. ಒಡೆದ ಹಿಮ್ಮಡಿ, ಸವೆದ ಹವಾಯಿ ಚಪ್ಪಲಿ. ಅರ್ಧ ಆಯಸ್ಸು ಬೇರೆಯವರ ಟ್ರ್ಯಾಕ್ಟರ್ ಓಡಿಸಿ, ಕೊನೆಗೆ ಹಳೆಯದೊಂದನ್ನು ಸ್ವಂತಕ್ಕೆ ಮಾಡಿಕೊಂಡಿದ್ದ. ಕೆಲಸ ಅವನಿಗೆ ಕರತಲಾಮಲಕ. ಆದರೆ ಅಷ್ಟು ವರ್ಷವೂ ಅವನ ಕೂಲಿಯನ್ನು ಬೇರೆಯವರೇ ಹೇಳುತ್ತಿದ್ದರು. ತನ್ನ ಬೆಲೆಯನ್ನು ತನ್ನ ಬಾಯಿಂದ ಹೇಳಿದವನೇ ಅಲ್ಲ.

ಮೊದಲ ಬಾಡಿಗೆ ಬಂತು. ಅದೇ ಊರಿನ ಚಿಕ್ಕಬೋರಣ್ಣ ಮಗನ ಮದುವೆ ಮುಗಿಸಿ, ನಾಲೆ ಪಕ್ಕದ ಬೀಳು ಜಮೀನಿನಲ್ಲಿ ಬೀಗರೂಟ ಇಟ್ಟುಕೊಂಡಿದ್ದರು. ಶಾಮಿಯಾನ ಹಾಕಲು ಹುಲ್ಲು ಹೊಡೆಯಬೇಕಿತ್ತು. ಆ ಸಂಜೆ ಕೆಂಪರಾಜ ಮತ್ತು ಅವನ ಹೆಂಡತಿ ಪ್ರಮೀಳ ನನ್ನ ಪಕ್ಕದಲ್ಲೇ ಕೂತು ರೇಟು ಕಟ್ಟಿದರು. ಅವನು ಡೀಸೆಲ್ ಎಂದ, ಗ್ರೀಸ್ ಎಂದ, ಬ್ಲೇಡು ಸವೆಯುವುದನ್ನೂ ಸೇರಿಸಿದ.

"ಸರಿ, ನಿನ್ ಮೈಯೇನು ಬಿಟ್ಟಿ ಬಂದದಾ?" ಎಂದಳು ಪ್ರಮೀಳ.

ಅವನು ತನ್ನನ್ನೇ ಲೆಕ್ಕದಿಂದ ಬಿಟ್ಟಿದ್ದ. ಅವಳು ಅದನ್ನೂ ಸೇರಿಸಿ ತೀರ್ಮಾನ ಹೇಳಿದಳು: "ಗಂಟೆಗೆ ಸಾವಿರ ಅಂತ ಹೇಳು. ಹೇಳ್ಬುಟ್ಟು ಸುಮ್ಕಾಗು. ಹಿಂದಿಂದೆ ಇನ್ನೊಂದ್ ಮಾತು ಸೇರಿಸ್ಬ್ಯಾಡ."

ಮರುದಿನ ಅವನು ನನ್ನನ್ನು ಮದುಮಗನಂತೆ ಸಜ್ಜು ಮಾಡಿದ. ಬ್ಲೇಡುಗಳನ್ನು ಬಿಚ್ಚಿ ಸಾಣೆ ಹಿಡಿದ. ಬೋಲ್ಟುಗಳನ್ನು ಬಿಗಿದ, ಗೇರಿಗೆ ಎಣ್ಣೆ ಹಾಕಿದ. ಬೀಳಿಗೆ ಹೋಗಿ ಸಾಲುಸಾಲಾಗಿ ನಡೆದು, ಹುಲ್ಲಿನೊಳಗೆ ಅಡಗಿದ್ದ ಕಲ್ಲು, ಬಾಟಲಿ, ತಂತಿಯನ್ನೆಲ್ಲ ಹೆಕ್ಕಿ ಬದುವಿನ ಮೇಲೆ ಒಟ್ಟಿದ. ಮನೆಗೆ ಬಂದು ಗ್ರೀಸ್ ಹಚ್ಚುತ್ತ ನನಗೇ ಹೇಳಿ ಹೇಳಿ ಅಭ್ಯಾಸ ಮಾಡಿದ: "ಗಂಟೆಗೆ ಸಾವಿರ ಆಯ್ತದೆ ಕನಣ್ಣ." ನನ್ನ ಮುಂದೆ ಅವನ ನಾಲಗೆ ಒಂದು ಸಲವೂ ತಡವರಿಸಲಿಲ್ಲ.

ಚಿಕ್ಕಬೋರಣ್ಣ ಬಂದರು. ಕಾಲಿಗೆ ಹೊಸ ಕೆರ, ಜರಿ ಪಂಚೆಯ ಅಂಚು.

"ಎಷ್ಟಾಯ್ತದ್ಲಾ ಕೆಂಪ್ರಾಜ?"

ಅವನ ಹೆಬ್ಬೆರಳು ಚಪ್ಪಲಿಯ ಮೇಲೆ ಮುದುರಿಕೊಂಡಿತು. "ಗಂಟೆಗೆ..." ಎಂದ. "ಅಯ್ಯೋ, ನಮ್ಮೋರತ್ರ ಏನಣ್ಣ ರೇಟು. ನೀವು ಕೊಟ್ಟಷ್ಟು ಕೊಡಿ."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಸಾಣೆ ಹಿಡಿಯಬೇಕಾಗಿದ್ದುದು ನನಗಲ್ಲ, ಅವನ ನಾಲಗೆಗೆ.

ಕೆಲಸದಲ್ಲಿ ಮಾತ್ರ ನಾವಿಬ್ಬರೂ ಒಂದು ಎಳೆ ಬಿಡಲಿಲ್ಲ. ಹುಲ್ಲು ಹೊಡೆದ ನೆಲ ನೋಡಿ ಶಾಮಿಯಾನದವರೇ ಭೇಷ್ ಎಂದರು. ದುಡ್ಡು ಊಟದ ದಿನ ಕೈಸೇರುತ್ತದೆಂದು ಪ್ರಮೀಳ ಕಾದಳು. ಊಟದ ದಿನ ಬೆಳಗ್ಗೆ, ಕಾರು ನಿಲ್ಲಿಸಲು ಪಕ್ಕದ ತುಂಡು ನೆಲವನ್ನೂ ಹೊಡೆದುಕೊಡು ಎಂದು ಕರೆ ಬಂತು. ಎಮ್ಮೆ ಈಯುವ ಹಾಗಿದ್ದುದರಿಂದ ಪ್ರಮೀಳ ಮನೆಯಲ್ಲೇ ಉಳಿದಳು. ಅವನು ಮುಖ ತೊಳೆಯುತ್ತಿದ್ದಾಗ, ಐನೂರರ ನೋಟಿನ ಮೂಲೆಗೆ ಒಂದಿಷ್ಟು ಅರಿಸಿನ ಮುಟ್ಟಿಸಿ ಕವರಿಗೆ ಹಾಕಿ, ಮುಯ್ಯಿ ಕೊಟ್ಟು ಬಾ ಎಂದು ಅವನ ಅಂಗಿಯ ಜೇಬಿಗಿಟ್ಟಳು. ನಮ್ಮ ಕಡೆ ಮದುವೆಮನೆಗೆ ಕೊಟ್ಟ ಮುಯ್ಯಿ, ನಾಳೆ ನಮ್ಮ ಮನೆಯ ಮದುವೆಗೆ ಹಿಂದಿರುಗುತ್ತದೆ. ಹಿಂದೆ ಹೊಲದ ಕೆಲಸವೂ ಹಾಗೆಯೇ ಇತ್ತು. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಅದಕ್ಕೆ ಮುಯ್ಯಾಳು ಎನ್ನುತ್ತಿದ್ದರು.

ತುಂಡು ಹೊಡೆದು ಮುಗಿಸಿ, ನನ್ನನ್ನು ಮೂಲೆಯಲ್ಲಿ ನಿಲ್ಲಿಸಿ ಅವನು ಪಂಕ್ತಿಗೆ ಕೂತ. ಮುದ್ದೆ ಮುರಿಯುವ ಹೊತ್ತಿಗೆ ಚಿಕ್ಕಬೋರಣ್ಣ ಅವನ ಬೆನ್ನು ತಟ್ಟಿ ನೆಂಟರಿಗೆಲ್ಲ ಕೇಳುವಂತೆ ಹೇಳಿದರು: "ಇವ್ನೇ ಕನ್ರಪ್ಪ ಹುಲ್ ಹೊಡೆದೋನು. ರೇಟೇ ಹೇಳ್ನಿಲ್ಲ! ಮುಯ್ಯಾಳು ಮಾಡ್ಕೊಟ್ಟವ್ನೆ. ಎಂಥಾ ಮನ್ಸ!"

ಎಲ್ಲರೂ ತಲೆದೂಗಿದರು. ಅವನ ಎಲೆಗೆ ಎರಡು ತುಂಡು ಮಾಂಸ ಹೆಚ್ಚಿಗೆ ಬಿತ್ತು. ಊಟವಾದ ಮೇಲೆ ಅವನು ಕವರು ಚಾಚಿದರೆ ಚಿಕ್ಕಬೋರಣ್ಣ ಅದನ್ನು ಮತ್ತೆ ಅವನ ಜೇಬಿಗೇ ತುರುಕಿದರು. "ನೀ ಮಾಡಿದ್ದೇ ದೊಡ್ ಮುಯ್ಯಿ, ಇದ್ಯಾಕ್ಲಾ!" ಎಂದು ನಕ್ಕರು. ಮೋಸವೇನೂ ಇರಲಿಲ್ಲ, ಪ್ರೀತಿಯಿಂದಲೇ ಹೇಳಿದ ಮಾತು. ಬೈದಿದ್ದರೆ ಕೆಂಪರಾಜ ತಡೆದುಕೊಳ್ಳುತ್ತಿದ್ದ, ಹೊಗಳಿಕೆ ಅವನನ್ನು ಕುಗ್ಗಿಸಿಬಿಟ್ಟಿತು.

ಅವನು ನನ್ನ ಮರೆಗೆ ಬಂದು ಕೂತ. ಆಮೇಲೆ ಕವರಿನಿಂದ ನೋಟು ತೆಗೆದು, ಕವರನ್ನು ಮುದುರಿ ನನ್ನ ಕೆಳಗೆ ಎಸೆದ. ಏನು ಮಾಡಲಿದ್ದಾನೆಂದು ನನಗೆ ತಿಳಿಯಿತು. ಬಾಯಿದ್ದಿದ್ದರೆ ಬೇಡವೋ ಎನ್ನುತ್ತಿದ್ದೆ.

ಮನೆಯಲ್ಲಿ ಪ್ರಮೀಳ ಕರ್ಪೂರ, ತೆಂಗಿನಕಾಯಿ ಇಟ್ಟುಕೊಂಡು ಕಾದಿದ್ದಳು. ಮೊದಲ ಬೋಣಿಯನ್ನು ದುಡಿದ ಯಂತ್ರಕ್ಕೆ ಮುಟ್ಟಿಸಬೇಕೆಂಬುದು ಅವಳ ಆಸೆ. ಅವನು ನೋಟು ಕೊಟ್ಟ.

"ಐನೂರೇನಾ?"

"ಮದ್ವೆ ಮನೆ ಅಲ್ವಾ. ಬೋಣಿ ಅಂತ ಇಸ್ಕೊಂಡೆ."

ಅವಳು ನೋಟನ್ನು ಕಣ್ಣಿಗೊತ್ತಿಕೊಳ್ಳಲು ಎತ್ತಿದಳು. ಕೈ ಅರ್ಧದಲ್ಲೇ ನಿಂತಿತು. ಮೂಲೆಯಲ್ಲಿ ಅವಳ ಬೆರಳಿನ ಅರಿಸಿನ ಇನ್ನೂ ಹಾಗೇ ಇತ್ತು.

"ಇದ್ನ ಹಚ್ಚಿದ್ದು ನಾನೇ ಕನ" ಎಂದಳು.

ಕೆಂಪರಾಜ ತಲೆ ತಗ್ಗಿಸಿ ನನ್ನ ಕೊಂಡಿ ಬಿಚ್ಚತೊಡಗಿದ.

"ಅವರತ್ರ ದುಡ್ ಕೇಳಾಕೆ ನಾಚ್ಕೊಂಡೆ. ನಂಗ್ ಸುಳ್ ಹೇಳಾಕೆ ನಾಚ್ಕೆ ಆಗ್ನಿಲ್ವಾ?"

ಅವಳು ಕರ್ಪೂರವನ್ನು ಹಚ್ಚದೆ ಒಳಗಿಟ್ಟಳು. ಅವನು ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಬೆಳಗ್ಗೆಯಿಂದ ದುಡಿದ ನನ್ನ ಬ್ಲೇಡುಗಳಲ್ಲಿ ಹಸಿ ಹುಲ್ಲು ಇನ್ನೂ ಅಂಟಿಕೊಂಡಿತ್ತು. ಆ ದಿನ ನನ್ನ ದುಡಿಮೆಯೂ ನನಗೆ ಸುಳ್ಳೆನಿಸಿತು.

ಮುಂದಿನ ಬಾಡಿಗೆ ಶಾಲೆಯ ಮೈದಾನದ್ದು. ಕೇಳಲು ಬಂದವರೆದುರು ಅವನು "ಗಂಟೆಗೆ ಸಾವಿರ" ಎಂದು ಹೇಳಿ ತುಟಿ ಕಚ್ಚಿಕೊಂಡು ನಿಂತ. ಬಂದವರು ಗೊಣಗಿದರು, ಆಚೀಚೆ ನೋಡಿದರು, ಕೊನೆಗೆ ಒಪ್ಪಿದರು. ಕರ್ಪೂರ ಆವತ್ತು ಉರಿಯಿತು. ಅಲ್ಲಿಂದಾಚೆ ಎಷ್ಟೋ ತೋಟ, ಎಷ್ಟೋ ಬೀಳು ಸುತ್ತಿದೆವು. ಚಿಕ್ಕಬೋರಣ್ಣನವರೂ ಮತ್ತೆ ಕರೆದರು, ರೇಟು ಕೇಳಿದರು, ಕೊಟ್ಟರು. ಬಾಡಿಗೆ ಮಾತಾಡುವಾಗ "ಕೊಟ್ಟಷ್ಟು ಕೊಡಿ" ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಈಗ ನನ್ನ ಮೈ ತುಕ್ಕು ಹಿಡಿದು ತೂತಾಗಿದೆ. ಗೇರು ಹಲ್ಲು ಉದುರಿಸಿಕೊಂಡಿದೆ. ಮೊನ್ನೆ ಗಂಡಹೆಂಡಿರಿಬ್ಬರೂ ನನ್ನನ್ನು ಗುಜರಿ ಅಂಗಡಿಗೆ ತಂದರು.

"ಎಷ್ಟಣ್ಣ ಹೇಳ್ತೀರ?" ಎಂದ ಗುಜರಿಯವನು.

ಕೆಂಪರಾಜ ನನ್ನನ್ನು ಒಂದು ಸುತ್ತು ಹಾಕಿದ. ವೆಲ್ಡರನ ಹೆಬ್ಬೆರಳಿನ ಗುರುತಿನ ಮೇಲೆ ಕೈಯಿಟ್ಟ. ಬಾಯಿ ತೆರೆದ. ಹೇಳಿ ಸುಮ್ಮನಾಗುತ್ತಾನೆಂದು ನಾನು ಕಾದೆ.

"ನೀನು ಕೊಟ್ಟಷ್ಟು ಕೊಡಪ್ಪ" ಎಂದು ಅತ್ತ ತಿರುಗಿಬಿಟ್ಟ.

ಪ್ರಮೀಳ ಬೈಯಲಿಲ್ಲ. ಸೆರಗಿನಿಂದ ನನ್ನ ಬೆನ್ನಿನ ಧೂಳು ಒರೆಸಿದಳು. ಅವನ ಬಾಯಿಂದ ಆ ಮಾತನ್ನು ಎರಡನೇ ಸಲ ಕೇಳಿದೆ, ಈ ಸಲ ನನಗೆ ನಾಚಿಕೆಯಾಗಲಿಲ್ಲ.